ಎರಡೇ ಸೀಟು ಬಾಕಿ

ಹಾಜಿಯವರ ಬಲಗೈಯ ತೋರುಬೆರಳು ಮೊದಲ ಗಂಟಿನಲ್ಲೇ ಮುಗಿಯುತ್ತಿತ್ತು. ಉಳಿದ ಮೋಟು ತುದಿ ನುಣ್ಣಗೆ ಹೊಳೆಯುತ್ತ, ಸಿಪ್ಪೆ ಸುಲಿದ ಹಲಸಿನ ಬೀಜದ ಹಾಗಿತ್ತು. ಕೀಬೋರ್ಡಿನ ಎಂಟರ್ ಗುಂಡಿಗೆ ಮಾತ್ರ ಅವರು ಆ ಮೋಟನ್ನೇ ಬಳಸುತ್ತಿದ್ದರು. ಒತ್ತುತ್ತಿದ್ದರು ಎನ್ನುವುದು ಸರಿಯಲ್ಲ, ಕುಟ್ಟುತ್ತಿದ್ದರು. ಕುಟ್ಟಿದರೆ ಊರಿನ ಯಾರೋ ಒಬ್ಬ ದುಬೈಗೋ ದಮಾಮಿಗೋ ಹೊರಟ ಎಂದೇ ಅರ್ಥ.

ಬೆರಳು ಎಲ್ಲಿ ಹೋಯಿತೆಂದು ಕೇಳಿದವರಿಗೆ ನಗುತ್ತಲೇ ಹೇಳುತ್ತಿದ್ದರು. "ಶಾರ್ಜಾದಲ್ಲಿ ತಗಡು ಕತ್ತರಿಸುವ ಮೆಷಿನಿಗೆ ಕೊಟ್ಟದ್ದು. ಕಂಪೆನಿಯವರು ಆವತ್ತಿನ ಅರ್ಧ ಸಂಬಳವನ್ನೂ ಕತ್ತರಿಸಿದ್ರು. ಮಧ್ಯಾಹ್ನದ ನಂತರ ನಾನು ಕೆಲಸ ಮಾಡಲಿಲ್ಲವಂತೆ."

ಹಾಗೆ ಊರಿಗೆ ಮರಳಿ, ಹಜ್ ಯಾತ್ರೆ ಮುಗಿಸಿ, ಮಡಂತ್ಯಾರಿನಲ್ಲಿ ವಿಮಾನದ ಟಿಕೆಟ್ ಮಾರುವ ಅಂಗಡಿ ಇಟ್ಟರು. ಊರಿಗೆಲ್ಲ ಅವರು ಟಿಕೆಟ್ ಹಾಜಿ. ನಾನು ಅಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು. ಎಲ್ಲರೊಡನೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡುತ್ತಿದ್ದ ಹಾಜಿಯವರು ನನ್ನೊಡನೆ ಮಾತ್ರ ಬೇಕೆಂದೇ ಕನ್ನಡ ಮಾತಾಡುತ್ತಿದ್ದರು, ಪರೀಕ್ಷೆ ಬರೆಯುವವರ ಹಾಗೆ, ನಿಧಾನವಾಗಿ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಾನು ಹುಟ್ಟು ಆತಂಕದವನು. ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ ಮತ್ತೆ ಬಂದು ಬೀಗ ಎಳೆದು ನೋಡುವ ಜಾತಿ. ತಂಗಿಯ ಸಂಸಾರ ಶಾರ್ಜಾದಲ್ಲಿ. ಅವಳು ಪ್ರತಿ ವರ್ಷ ರಜೆಗೆ ಬರುವಾಗ ಟಿಕೆಟಿನ ಚಿಂತೆ ಅವಳಿಗಿಂತ ಹೆಚ್ಚು ನನಗೆ. ಬಜ್ಪೆಯಲ್ಲಿ ವಿಮಾನ ಇಳಿಯುವ ಮೂರು ಗಂಟೆ ಮೊದಲೇ ಹೋಗಿ ನಿಂತು, ಅಲ್ಲಿಂದ ಹಾಜಿಯವರಿಗೆ ಫೋನ್ ಮಾಡಿ, "ವಿಮಾನ ಹೊರಟಿದೆಯೇ?" ಎಂದು ಕೇಳುತ್ತಿದ್ದೆ. "ಹೊರಟಿದೆ ಮಾಷ್ಟ್ರೇ. ನೀವು ಆಕಾಶ ನೋಡ್ಬೇಡಿ, ಪೈಲಟಿಗೆ ಕಣ್ಣು ತಾಗ್ತದೆ" ಎನ್ನುತ್ತಿದ್ದರು.

ಅವರ ವ್ಯಾಪಾರಕ್ಕೊಂದು ಕ್ರಮವಿತ್ತು. ಮದುವೆಗೆ ಬರುವವನಿಂದ ನಾಚಿಕೆಯಿಲ್ಲದೆ ಎಳೆದು ತೆಗೆಯುತ್ತಿದ್ದರು. "ತಾರೀಕು ಅವನಿಗೆ ಆರು ತಿಂಗಳ ಮೊದಲೇ ಗೊತ್ತಿತ್ತಲ್ಲ? ಉದಾಸೀನಕ್ಕೆ ದಂಡ ಬೇಡವಾ?" ಆದರೆ ಊರಲ್ಲಿ ಸಾವಾಗಿ, ಗಲ್ಫಿನಲ್ಲಿದ್ದ ಮಗನೋ ಅಣ್ಣನೋ ಬರಬೇಕಾದರೆ ಅವರು ಒಂದು ರೂಪಾಯಿ ಕಮಿಷನ್ ಮುಟ್ಟುತ್ತಿರಲಿಲ್ಲ. ಹಿಂದುವಾಗಲಿ, ಮುಸ್ಲಿಮನಾಗಲಿ, ಕ್ರಿಶ್ಚಿಯನ್ ಆಗಲಿ, ಮೊದಲು ಟಿಕೆಟ್, ಹಣ ಆಮೇಲೆ. ನಾನು ಕೂತಿದ್ದಾಗಲೇ ಒಮ್ಮೆ ಅಂಥ ಫೋನು ಬಂತು. ಅವರು ಹೆಸರು ಕೇಳಿದರು, ಪಾಸ್‌ಪೋರ್ಟ್ ನಂಬರು ಕೇಳಿದರು, ಎಂಟರ್ ಕುಟ್ಟಿದರು.

"ರೇಟು ನೋಡಲೇ ಇಲ್ಲವಲ್ಲ?" ಎಂದೆ.

"ಮರಣದ ಟಿಕೆಟಿಗೆ ರೇಟು ನೋಡುವುದಾ ಮಾಷ್ಟ್ರೇ? ನೋಡ್ತಾ ಕೂತ್ರೆ ಮನೆಯಲ್ಲಿ ಮಲಗಿಸಿದ ಮಯ್ಯತ್ ಕಾಯ್ತದಾ?"

ಆಮೇಲೆ ಮೊಬೈಲಿನಲ್ಲಿ ಟಿಕೆಟ್ ಮಾರುವ ಕಂಪೆನಿಗಳು ಬಂದವು. ಮೊದಲ ಬುಕಿಂಗಿಗೆ ಸಾವಿರ ರೂಪಾಯಿ ಕಡಿತ, ಹಬ್ಬಕ್ಕೊಂದು ಕಡಿತ, ಇಂಥ ಬ್ಯಾಂಕಿನ ಕಾರ್ಡಿದ್ದರೆ ಇನ್ನೊಂದು. ಹಾಜಿಯವರು ಕೊಂಡ ಬೆಲೆಗಿಂತ ಕಡಿಮೆಗೆ ಅವು ಮಾರುತ್ತಿದ್ದವು. ಅತ್ತ ವಿಮಾನದ ಕಂಪೆನಿಗಳೂ ಏಜೆಂಟರ ಕಮಿಷನ್ ಕಡಿದವು.

ನಾನು ಮಾಡಿದ್ದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ಹಾಜಿಯವರ ಅಂಗಡಿಗೆ ಹೋಗಿ, ಅವರು ತರಿಸಿದ ಚಹಾ ಕುಡಿದು, ಯಾವ ದಿನ ಯಾವ ವಿಮಾನ ಒಳ್ಳೆಯದೆಂದು ಅರ್ಧ ಗಂಟೆ ಕೇಳಿ ತಿಳಿದುಕೊಂಡು, "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದು ಎದ್ದೆ. ಹೊರಗಿನ ಮೆಟ್ಟಿಲಲ್ಲಿ ನಿಂತು ಅದೇ ವಿಮಾನಕ್ಕೆ ಮೊಬೈಲಿನಲ್ಲಿ ಬುಕ್ ಮಾಡಿದೆ. ಏಳುನೂರ ನಲವತ್ತು ರೂಪಾಯಿ ಉಳಿಯಿತು.

ಒಳಗಿನಿಂದ ದನಿ ಬಂತು. "ಆಯ್ತಾ ಮಾಷ್ಟ್ರೇ? ನನ್ನ ವೈಫೈ ಇವತ್ತು ಸ್ವಲ್ಪ ನಿಧಾನ ಉಂಟು. ಒಳಗೆ ಬಂದು ಕೂತು ಮಾಡಿ, ಇಲ್ಲಿ ಸಿಗ್ನಲ್ ಒಳ್ಳೆದು."

ಅವರ ವೈಫೈ ನನ್ನ ಮೊಬೈಲಿಗೆ ತಾನಾಗಿ ಅಂಟಿಕೊಳ್ಳುತ್ತಿತ್ತು. ಪಾಸ್‌ವರ್ಡ್ ಕೊಟ್ಟವರು ಅವರೇ.

ಅಷ್ಟಕ್ಕೇ ನಿಲ್ಲಲಿಲ್ಲ. ಸ್ನೇಹಿತರನ್ನು ಸೇರಿಸಿದರೆ, ಅವರ ಮೊದಲ ಪ್ರಯಾಣ ಮುಗಿದ ಕೂಡಲೇ ತಲೆಗೆ ಇನ್ನೂರು ರೂಪಾಯಿ ಬಹುಮಾನ ಎಂದು ಆ ಆ್ಯಪ್ ಹೇಳಿತು. ಸ್ಟಾಫ್ ರೂಮಿನಲ್ಲಿ ಹನ್ನೊಂದು ಮಂದಿಗೆ ನಾನೇ ಅದನ್ನು ಹಾಕಿಕೊಟ್ಟೆ. ಹನ್ನೊಂದು ಮಂದಿಯೂ ಹಾಜಿಯವರ ಗಿರಾಕಿಗಳು. ಬಹುಮಾನ ಪಾಯಿಂಟುಗಳ ರೂಪದಲ್ಲಿ ಬಂತು. ಅದನ್ನು ಹೋಟೆಲ್ ರೂಮಿಗೆ ಮಾತ್ರ ಬಳಸಬಹುದಿತ್ತು. ಮನೆ ಬಿಟ್ಟು ಬೇರೆಡೆ ಮಲಗಿದರೆ ನನಗೆ ನಿದ್ರೆ ಬರುವುದಿಲ್ಲ. ಎರಡು ಸಾವಿರದ ಇನ್ನೂರು ರೂಪಾಯಿ ಹಾಗೇ ಅವಧಿ ಮುಗಿದು ಹೋಯಿತು.

ಮರುವರ್ಷ ತಂಗಿಯ ಟಿಕೆಟ್ ಮಾಡಿದಾಗ ತೋರಿಸಿದ ಬೆಲೆ ಒಂದು, ಖಾತೆಯಿಂದ ಹೋದದ್ದು ಇನ್ನೊಂದು. ಗಾಬರಿಯಾಗಿ ಓಡಿದ್ದು, ನಾಚಿಕೆ ಬಿಟ್ಟು, ಹಾಜಿಯವರ ಹತ್ತಿರವೇ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಹಾಜಿಯವರಿಗೆ ಅದೇ ಬೇಕಿತ್ತು.

"ಗಟ್ಟಿಯಾಗಿ ಓದಿ ಮಾಷ್ಟ್ರೇ. ಇವರಿಗೂ ಕೇಳಲಿ. ಮಕ್ಕಳಿಂದ ಓದಿಸ್ತೀರಲ್ಲ, ಹಾಗೆ."

ಓದಿದೆ. ಟಿಕೆಟ್. ಪ್ರಯಾಣ ವಿಮೆ. ಕಿಟಕಿ ಪಕ್ಕದ ಸೀಟು. ಚಿಕನ್ ಬಿರಿಯಾನಿ.

"ಯಾವ ವಾರ ಪ್ರಯಾಣ?"

"ಸೋಮವಾರ."

"ನಿಮ್ಮ ತಂಗಿ ಸೋಮವಾರ ಮಾಂಸ ತಿನ್ನುವುದಿಲ್ಲ ಅಂತ ಹೇಳ್ತಿದ್ರಿ?"

"ನಾನು ಕೇಳಲೇ ಇಲ್ಲ ಹಾಜಿಯವರೇ!"

"ನೀವು ಕೇಳಬೇಕಾಗಿಲ್ಲ. ಅವರೇ ಟಿಕ್ ಹಾಕಿಟ್ಟಿದ್ರು. ಬೇಡ ಅಂತ ಹೇಳುವ ಕೆಲಸ ಮಾತ್ರ ನಿಮ್ಮದು." ಮೋಟುಬೆರಳು ಪರದೆಯ ಮೇಲೆ ಆ ಪುಟ್ಟ ಚೌಕಗಳನ್ನು ಒಂದೊಂದಾಗಿ ತಟ್ಟಿತು. "ಮುಂದೆ ಓದಿ."

"ಅನುಕೂಲ ಶುಲ್ಕ, ಆರುನೂರು."

"ಯಾರ ಅನುಕೂಲ ಅದು?"

ನಾನು ಆ ಸಾಲನ್ನೇ ಇನ್ನೊಮ್ಮೆ ಓದಿದೆ.

"ನನ್ನ ಮೆಟ್ಟಿಲು ಹತ್ತುವ ಕಷ್ಟ ನಿಮಗೆ ತಪ್ಪಿತಲ್ಲ, ಅದಕ್ಕೆ. ಈಗ ಅದನ್ನು ತೋರಿಸ್ಲಿಕ್ಕೆ ಹತ್ತಿ ಬಂದಿರಿ." ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಅವರು ಹೋದ ಮೇಲೆ ಹಾಜಿಯವರು ಮೃದುವಾದರು. ಪುಟವನ್ನು ಮೇಲಿನಿಂದ ಕೆಳಗೆ ಓದುವುದು ಹೇಗೆಂದು ಕಲಿಸಿದರು. ವಿಮಾನದಲ್ಲಿ ಎಲ್ಲ ಸೀಟಿಗೂ ಒಂದೇ ಬೆಲೆಯಲ್ಲ. ಅಗ್ಗದ ಕೆಲವು ಸೀಟು ಮುಗಿದ ಮೇಲೆ ಮುಂದಿನ ಬೆಲೆಯವು ತೆರೆಯುತ್ತವೆ. ರದ್ದು ಮಾಡಿದರೆ ಹಣ ಬ್ಯಾಂಕಿಗೆ ಬರುವುದಿಲ್ಲ, ಕಂಪೆನಿಯ ಚೀಲದಲ್ಲೇ ಉಳಿದು ಮತ್ತೆ ಅವರಲ್ಲೇ ಕೊಳ್ಳುವಂತೆ ಮಾಡುತ್ತದೆ. ಕೆಂಪಕ್ಷರದಲ್ಲಿ 'ಎರಡೇ ಸೀಟು ಬಾಕಿ' ಎಂದು ಮಿನುಗುತ್ತಿದ್ದುದನ್ನು ತೋರಿಸಿ, "ಇದು ಉಂಟಲ್ಲ, ಹೆದರುವವರಿಗಾಗಿ ಬರೆದದ್ದು. ಅಂದರೆ ನಿಮಗಾಗಿ" ಎಂದರು.

"ಇಷ್ಟು ಮೋಸವೇ?"

"ಮೋಸ ಎಂತದ್ದು? ನಂದೂ ಇದೇ ವ್ಯಾಪಾರ. ನಾನೂ ಮುಖ ನೋಡಿ ರೇಟು ಹೇಳಿದವನೇ. ಅಳುವ ಮುಖ ಕಂಡ್ರೆ ನಾನು ಇಳಿಸ್ತೇನೆ, ಅದು ಏರಿಸ್ತದೆ. ಅಷ್ಟೇ ವ್ಯತ್ಯಾಸ." ಮೊಬೈಲನ್ನು ನನ್ನ ಕೈಗೆ ಕೊಟ್ಟು ಹೇಳಿದರು, "ಇಷ್ಟು ವರ್ಷ ಅವರು ನಷ್ಟದಲ್ಲೇ ಮಾರಿದ್ದು ಮಾಷ್ಟ್ರೇ. ಯಾರೋ ದೊಡ್ಡವರು ಹಾಕಿದ ಹಣ. ನನ್ನ ಅಂಗಡಿ ಮುಚ್ಚುವವರೆಗೆ ಕಾಯುವ ತಾಕತ್ತು ಅವರಿಗೆ ಉಂಟು. ಅವರದ್ದು ಮುಚ್ಚುವವರೆಗೆ ಕಾಯ್ಲಿಕ್ಕೆ ನನಗಿಲ್ಲ. ನಾನು ಮುಚ್ಚಿದ ಮೇಲೆ ನೋಡಿ, ನಿಮ್ಮ ಕಡಿತ ಎಲ್ಲಿ ಹೋಗ್ತದೆ ಅಂತ."

ಅಂಗಡಿಯ ಅರ್ಧ ಭಾಗವನ್ನು ಮೊಬೈಲ್ ಕವರ್ ಮಾರುವವನಿಗೆ ಬಾಡಿಗೆಗೆ ಕೊಟ್ಟರು. ಆಮೇಲೆ ಉಳಿದರ್ಧವನ್ನೂ ಕೊಟ್ಟು, ಒಂದು ಮೇಜು ಮಾತ್ರ ಇಟ್ಟುಕೊಂಡರು. ಆ ಮೇಜಿಗೆ ಬರುತ್ತಿದ್ದುದು ಹೆಚ್ಚಾಗಿ ಮರಣದ ಟಿಕೆಟುಗಳೇ. ಬದುಕಿದ್ದವರೆಲ್ಲ ಆ್ಯಪಿಗೆ ಹೋಗಿದ್ದರು. ಕಮಿಷನ್ ಇಲ್ಲದ ಗಿರಾಕಿಗಳು ಮಾತ್ರ ಅವರಿಗೆ ನಿಷ್ಠರಾಗಿ ಉಳಿದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಮಸೀದಿಯಲ್ಲಿ ಸುಬಹಿ ನಮಾಜು ಮುಗಿಸಿ ಮನೆಗೆ ಬಂದ ಹಾಜಿಯವರು ಚಪ್ಪಲಿ ಬಿಡುತ್ತಾ ಅಲ್ಲೇ ಕುಸಿದರು. ಆಸ್ಪತ್ರೆಗೆ ಒಯ್ಯುವ ಅಗತ್ಯವೇ ಬೀಳಲಿಲ್ಲ.

ಎಂಟೂವರೆಗೆ ನನಗೆ ಶಾರ್ಜಾದಿಂದ ಫೋನು ಬಂತು. ಅವರ ಒಬ್ಬನೇ ಮಗ. "ಮಾಷ್ಟ್ರೇ, ಮಧ್ಯಾಹ್ನದ ಫ್ಲೈಟಿಗೆ ಒಂದು ಟಿಕೆಟ್ ಬೇಕು. ನನ್ನ ಕಾರ್ಡ್ ತಗೊಳ್ತಾ ಇಲ್ಲ. ಪಾಸ್‌ಪೋರ್ಟ್ ಕಂಪೆನಿ ಆಫೀಸಿನಲ್ಲಿ ಉಂಟು, ಅಲ್ಲಿಗೆ ಓಡ್ತಾ ಇದ್ದೇನೆ. ಆ ಫ್ಲೈಟ್ ಸಿಕ್ಕಿದ್ರೆ ರಾತ್ರಿ ಇಶಾ ನಮಾಜಿನವರೆಗೆ ಕಾಯ್ತಾರಂತೆ. ಇಲ್ಲದಿದ್ರೆ ಸಂಜೆ ಅಸರ್ ನಮಾಜು ಆದ ಕೂಡ್ಲೇ ದಫನ." ಓಡುತ್ತಲೇ ಮತ್ತೆ ಹೇಳಿದ. "ಬಾಪ ಹೇಳ್ತಾ ಇದ್ರು, ಆನ್‌ಲೈನ್ ವಿಷಯದಲ್ಲಿ ಮಾಷ್ಟ್ರು ಈಗ ಪಕ್ಕಾ ಆಗಿದ್ದಾರೆ, ನಾನೇ ಕಲಿಸಿದ್ದು ಅಂತ."

ಆ್ಯಪ್ ತೆರೆದೆ. ಮಧ್ಯಾಹ್ನದ ವಿಮಾನ ಇತ್ತು. ಬೆಲೆ ಮಾಮೂಲಿಯ ಎರಡೂವರೆ ಪಟ್ಟು. ಕೆಳಗೆ ಕೆಂಪಕ್ಷರ: ಎರಡೇ ಸೀಟು ಬಾಕಿ.

ಬದುಕಿಡೀ ಎಲ್ಲದಕ್ಕೂ ಹೆದರಿದವನು ನಾನು. ಆ ಹೊತ್ತಿನಲ್ಲಿ, ಯಾಕೋ, ಹೆದರಬಾರದೆಂದು ತೀರ್ಮಾನಿಸಿದೆ. ಇದು ಹೆದರುವವರಿಗಾಗಿ ಬರೆದದ್ದು, ಗುರುಗಳು ಹೇಳಿದ್ದಾರೆ. ಪಾಪದ ಹುಡುಗನಿಂದ ಅಷ್ಟು ಹಣ ಸುಲಿಯಲು ಬಿಡಬಾರದು. ವಿಮೆಯ ಟಿಕ್ ತೆಗೆದೆ, ಊಟದ ಟಿಕ್ ತೆಗೆದೆ, ಸೀಟಿನ ಟಿಕ್ ತೆಗೆದೆ. ಇನ್ನೊಂದು ಆ್ಯಪಿನಲ್ಲಿ ಹೋಲಿಸಿ ನೋಡಿದೆ. ತಿರುಗಿ ಬಂದಾಗ ಬೆಲೆ ಮತ್ತೂ ಏರಿತ್ತು. ಈಗ 'ಒಂದೇ ಸೀಟು ಬಾಕಿ'. ಗೊತ್ತಾಯಿತು ನಿಮ್ಮ ಆಟ ಎಂದುಕೊಂಡೆ. ಹೊಸ ಗಿರಾಕಿಗೆ ಕಡಿತ ಉಂಟಲ್ಲ ಎಂದು ಹೆಂಡತಿಯ ಮೊಬೈಲ್ ತೆಗೆದುಕೊಂಡು, ಅವಳ ಹೆಸರಿನಲ್ಲಿ ಖಾತೆ ತೆರೆದು, ನನ್ನದೇ ಆಹ್ವಾನದ ಕೋಡು ಹಾಕಿದೆ. ಒಟಿಪಿ ಬರಲು ತಡವಾಯಿತು. ಹೆಂಡತಿ ಅಡುಗೆಮನೆಯಿಂದ ಬಂದು, "ಇನ್ನೂ ಆಗಲಿಲ್ಲವಾ ಮಾರಾಯ್ರೆ? ಎಷ್ಟಾದರೂ ಆಗಲಿ, ತೆಗೆದುಬಿಡಿ" ಎಂದಳು.

"ನಿನಗೆ ಇದು ಗೊತ್ತಾಗುವುದಿಲ್ಲ, ಸುಮ್ಮನಿರು" ಎಂದೆ.

ಒಟಿಪಿ ಬಂತು. ಒತ್ತಿದೆ. ಚಕ್ರ ತಿರುಗಿತು, ತಿರುಗಿತು. ಆಮೇಲೆ ಬಹಳ ವಿನಯದಿಂದ ಬರೆದು ಬಂತು: ಕ್ಷಮಿಸಿ, ಈ ವಿಮಾನದಲ್ಲಿ ಸೀಟುಗಳು ಲಭ್ಯವಿಲ್ಲ.

ಹದಿನೆಂಟು ನಿಮಿಷ ಆಗಿತ್ತು. ಕೆಂಪಕ್ಷರ ಆ ದಿನ ನಿಜವನ್ನೇ ಹೇಳಿತ್ತು. ಮರಣದ ಟಿಕೆಟಿಗೆ ರೇಟು ನೋಡಬಾರದೆಂದು ಅದೇ ಗುರುಗಳು ಹೇಳಿದ್ದೂ ಆಗಲೇ ನೆನಪಾಯಿತು. ಕಣ್ಣೂರು, ಕೋಝಿಕ್ಕೋಡು, ಬೆಂಗಳೂರು ಎಲ್ಲ ನೋಡಿದೆ. ಯಾವುದರಲ್ಲೂ ಇಶಾ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ. ಹೆಂಡತಿಯ ಹೊಸ ಖಾತೆಯಿಂದಲೇ ಮರುದಿನ ಬೆಳಗಿನ ವಿಮಾನಕ್ಕೆ ಮಾಡಿದೆ. ಅದರಲ್ಲಿ ಸೀಟು ಧಾರಾಳ ಇತ್ತು, ಹೊಸ ಗಿರಾಕಿಯ ಕಡಿತವೂ ಸಿಕ್ಕಿತು.

ಮಗನಿಗೆ ಫೋನ್ ಮಾಡಿದೆ. ಅವನು ಪಾಸ್‌ಪೋರ್ಟ್ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಕೂತಿದ್ದ. "ಸೀಟು ಇರಲಿಲ್ಲ" ಎಂದೆ. ಆ ಕಡೆ ಅವನು ಡ್ರೈವರಿಗೆ ಗಾಡಿ ನಿಲ್ಲಿಸಲು ಹೇಳಿದ್ದು ಕೇಳಿತು. ಆಮೇಲೆ, "ಆಯ್ತು ಮಾಷ್ಟ್ರೇ, ನೀವೆಂತ ಮಾಡ್ಲಿಕ್ಕಾಗ್ತದೆ" ಎಂದ.

ಅಸರ್ ನಂತರ ಮಣ್ಣು ಮಾಡಿದರು. ನಾನು ಸ್ಮಶಾನದ ಗೋಡೆಯ ಹೊರಗೆ, ನನ್ನ ಸಹೋದ್ಯೋಗಿಗಳ ಜೊತೆ ನಿಂತಿದ್ದೆ. ಹನ್ನೊಂದು ಮಂದಿಯೂ ಬಂದಿದ್ದರು.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಮಗ ಆಗಷ್ಟೇ ಗೋರಿಯ ಹತ್ತಿರ ಹೋಗಿ ಬಂದಿದ್ದ. ಪ್ಯಾಂಟಿನ ಮೊಣಕಾಲಿಗೆ ಕೆಂಪು ಮಣ್ಣು ಹಿಡಿದಿತ್ತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತೇ ಇದ್ದ.

"ಮಾಷ್ಟ್ರೇ, ಬಾಪ ಇದ್ದಿದ್ರೆ ಆ ಸೀಟು ಸಿಗ್ತಿತ್ತಾ?"

ಹಾಜಿಯವರಾಗಿದ್ದರೆ ಹೆಸರು ಕೇಳಿ, ನಂಬರು ಕೇಳಿ, ಕುಟ್ಟುತ್ತಿದ್ದರು. ಎರಡು ನಿಮಿಷದ ಕೆಲಸ.

"ಇಲ್ಲ. ಅವರಿದ್ದರೂ ಸಿಗುತ್ತಿರಲಿಲ್ಲ" ಎಂದೆ.

ಅವನು ತಲೆ ಆಡಿಸಿದ. ಜೇಬಿನಿಂದ ಹಣ ತೆಗೆದು ಟಿಕೆಟಿನದ್ದು ಎಣಿಸಿಕೊಟ್ಟ. ಮತ್ತೆ ಕೇಳಿದ, "ನಿಮ್ಮ ಸರ್ವಿಸ್ ಚಾರ್ಜು ಎಷ್ಟು ಕೊಡ್ಬೇಕು?"

ಯೋಚಿಸಲೇ ಇಲ್ಲ, ಬಾಯಿಗೆ ಬಂತು. "ಮರಣದ ಟಿಕೆಟಿಗೆ ಕಮಿಷನ್ ಇಲ್ಲ."

"ಥೇಟ್ ಬಾಪನ ಮಾತು" ಎಂದು ಅವನು ನನ್ನ ಎರಡೂ ಕೈ ಹಿಡಿದುಕೊಂಡು, ಬಂದಾಗಿನಿಂದ ಅಳದೇ ಇದ್ದವನು, ಅತ್ತುಬಿಟ್ಟ. ಒಳಗಿನಿಂದ ಹೆಂಗಸರು ಬಾಗಿಲಿಗೆ ಬಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳುವುದು ಹೇಗೆಂದೂ ತಿಳಿಯಲಿಲ್ಲ.

ಆ ದಿನ ಬೆಳಿಗ್ಗೆ, ಅವನ ವಿಮಾನ ಬಜ್ಪೆಯಲ್ಲಿ ಇಳಿದು ಸ್ವಲ್ಪ ಹೊತ್ತಿಗೆ, ನನ್ನ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಅಭಿನಂದನೆಗಳು, ನೀವು ಆಹ್ವಾನಿಸಿದ ಸ್ನೇಹಿತರ ಮೊದಲ ಪ್ರಯಾಣ ಪೂರ್ಣಗೊಂಡಿದೆ. ನಿಮ್ಮ ಖಾತೆಗೆ ಇನ್ನೂರು ರೂಪಾಯಿ ಜಮೆಯಾಗಿದೆ.