ಪಂಪಿನ ಮುಚ್ಚಳ ಮತ್ತು ನಮ್ಮಕ್ಕ

ನಮ್ಮಕ್ಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಡಂ. ಅದೇ ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತೇನೆ. ಮನೆಯಲ್ಲೂ ಅವಳೇ ದೊಡ್ಡವಳು, ಕಾಲೇಜಿನಲ್ಲೂ ಅವಳೇ ದೊಡ್ಡವಳು. ಹಾಗಾಗಿ ನನ್ನ ಪಾಲಿಗೆ ಬೈಸಿಕೊಳ್ಳುವುದಕ್ಕೆ ರಜೆ ಅನ್ನುವುದೇ ಇಲ್ಲ. ಮುಂದೆ ನಾನು ಅವಳನ್ನು ನಾಲ್ಕು ಮಾತು ಆಡಿಕೊಂಡೇನು. ಆದರೆ ಅವಳ ತಮ್ಮ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮನಸ್ಸಿಗೆ ನಿರಾಳ.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ಒಂದು ನಾಟಕ. ಹೋದ ವರ್ಷದ ಗಾಳಿಯಂತ್ರವೇ ಈ ವರ್ಷ ಹೊಸ ರಟ್ಟು ಅಂಟಿಸಿಕೊಂಡು ಮೇಜಿನ ಮೇಲೆ ಬಂದು ನಿಲ್ಲುತ್ತಿತ್ತು. ಪರೀಕ್ಷಕರು ಫ್ಯಾನು ಹಾಕಿಸಿ, ಅದು ತಿರುಗುವುದನ್ನು ನೋಡಿ, ತಲೆದೂಗಿ, ಚಹಾ ಕುಡಿದು ಹೋಗುತ್ತಿದ್ದರು. ಅಕ್ಕನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಇದನ್ನ ಯಾರಿಗೋಸ್ಕರ ಮಾಡಿದ್ರಿ?" ಎಂದು ಕೇಳುತ್ತಿದ್ದಳು. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬ ಮಾತ್ರ "ಮಾರ್ಕ್ಸಿಗೋಸ್ಕರ ಮೇಡಂ" ಎಂದು ನಿಜ ಹೇಳಿದ. ಆ ವರ್ಷ ಬೈಗುಳ ತಪ್ಪಿದ್ದು ಅವನೊಬ್ಬನಿಗೇ.

ಊರ ಹೊರಗೆ ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆ ಇದೆ. ಅಕ್ಕ ಮೊದಲ ಸಲ ಗೇಟಿಗೆ ಹೋದಾಗ ಕಾವಲುಗಾರ, ಚಂದಾ ಎತ್ತಲು ಬಂದವಳೆಂದು ವಾಪಸ್ ಕಳಿಸಿದ. ಮತ್ತೆ ಹೋದಳು, ಆಮೇಲೂ ಹೋದಳು. ಕೊನೆಗೆ ಅವನೇ, "ಒಳಗೆ ಹೋಗಿಬಿಡಿ ಮೇಡಂ, ನಿಮ್ಮನ್ನ ತಡೆದೂ ತಡೆದೂ ನಂಗೇ ಸಾಕಾಯ್ತು" ಎಂದನಂತೆ. ಆಗಿನ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಕಾಲೇಜಿಗೂ ಕಾರ್ಖಾನೆಗೂ ಒಪ್ಪಂದವಾಯಿತು. ಕೊನೆಯ ವರ್ಷದ ಮಕ್ಕಳು ಅರ್ಧ ವರ್ಷ ಕಾರ್ಖಾನೆಯಲ್ಲಿ ಓಡಾಡಿ, ಅಲ್ಲಿ ನಿಜವಾಗಿ ಕಾಡುತ್ತಿರುವ ಒಂದು ತೊಂದರೆ ಹಿಡಿದು, ಅದಕ್ಕೆ ಪರಿಹಾರ ಮಾಡಿಕೊಡಬೇಕು. ಅಕ್ಕ ತನ್ನದೂ ಒಂದು ನಿಯಮ ಸೇರಿಸಿದಳು: ಮಾಡಿದ ವಸ್ತುವನ್ನು, ಅದನ್ನು ಬಳಸುವವರ ಪಕ್ಕದಲ್ಲೇ ನಿಂತು ಒಂದಿಡೀ ಪಾಳಿ ಓಡಿಸಿ ತೋರಿಸಬೇಕು. ಓಡದಿದ್ದರೆ ಮಾರ್ಕ್ಸ್ ಇಲ್ಲ. ಒಪ್ಪಂದದ ಗುರುತಿಗೆಂದು ಕಾರ್ಖಾನೆಯವರು ನಮ್ಮ ಪ್ರಯೋಗಶಾಲೆಗೆ ಒಂದು ಪಂಪು ಉಡುಗೊರೆ ಕೊಟ್ಟರು.

ವರ್ಷಗಟ್ಟಲೆ ಹೀಗೇ ನಡೆಯಿತು. ಆಮೇಲೆ ಕಾರ್ಖಾನೆಗೆ ಹೊಸ ಮುಖ್ಯಸ್ಥರು ಬಂದರು. ಅವರಿಗೆ ಕಾಲೇಜಿನವರೆಂದರೆ ಅಷ್ಟಕ್ಕಷ್ಟೆ. ನಕ್ಷೆಯಾಗಲಿ ಬಿಡಿಭಾಗವಾಗಲಿ ಗೇಟು ದಾಟುವಂತಿಲ್ಲ, ಓಡುವ ಮಿಷಿನ್ನಿನ ಹತ್ತಿರ ಅಳತೆಗೆ ನಿಲ್ಲುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದರು. ಅಕ್ಕನನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದರು: "ಮೇಡಂ, ಈ ವರ್ಷದ್ದು ಕೆಲಸಕ್ಕೆ ಬಂದ್ರೆ ಒಪ್ಪಂದ ಮುಂದುವರಿಸ್ತೀನಿ. ಇಲ್ಲಾಂದ್ರೆ ಇಲ್ಲಿಗೇ ನಿಲ್ಲಿಸೋಣ." ಅಂದರೆ ಮತ್ತೆ ರಟ್ಟಿನ ಗಾಳಿಯಂತ್ರ. ಅಂದು ರಾತ್ರಿ ಅಕ್ಕ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಅಮ್ಮ "ಯಾಕೆ, ಉಪ್ಪು ಜಾಸ್ತಿ ಆಯ್ತೇನೇ?" ಎಂದು ಕೇಳಿದರೆ, "ಉಪ್ಪಲ್ಲಮ್ಮ, ಒಪ್ಪಂದ" ಎಂದು ಕೈ ತೊಳೆಯಲು ಎದ್ದಳು.

ಆ ವರ್ಷದ ತಂಡ ಹಿಡಿದ ತೊಂದರೆ ಪಂಪಿನ ಮುಚ್ಚಳದ್ದು. ಮುಚ್ಚಳದ ಅಂಚಿಗೆ ತೂತು ಕೊರೆಯುವ ಮಿಷಿನ್ನಿನಲ್ಲಿ ಒಬ್ಬ ಹೆಂಗಸು ಕೆಲಸ ಮಾಡುತ್ತಾಳೆ, ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಒಂದೊಂದು ಮುಚ್ಚಳವೂ ಅಲ್ಲಾಡದಂತೆ ನಾಲ್ಕು ಬೋಲ್ಟು ಬಿಗಿಯಬೇಕು, ಕೊರೆಯಬೇಕು, ನಾಲ್ಕೂ ಸಡಿಲಿಸಬೇಕು. ಸಂಜೆಯ ಹೊತ್ತಿಗೆ ಅವಳ ಬಲಗೈ ಮೇಲೇಳುತ್ತಿರಲಿಲ್ಲ. ಮುಚ್ಚಳ ಒಳಗೆ ಕೂತ ಮೇಲೆ ಒಂದೇ ಸನ್ನೆ, ಅಂದರೆ ಉದ್ದನೆಯ ಹಿಡಿ, ಒತ್ತಿದರೆ ಗಟ್ಟಿಯಾಗಿ ಹಿಡಿದುಕೊಳ್ಳುವ ಕಬ್ಬಿಣದ ಸಾಧನವೊಂದನ್ನು ಹುಡುಗರು ಮಾಡಿದರು. ತಂಡಕ್ಕೆ ಮುಂದಾಳು ಕನ್ನಡಕದ ಒಂದು ಹುಡುಗಿ. ತರಗತಿಯಲ್ಲಿ ಬಾಯೇ ಬಿಡದವಳು, ನನ್ನ ಗಣಿತದಲ್ಲಿ ಹೇಗೋ ಪಾಸಾದವಳು. ಕಾರ್ಖಾನೆಯಲ್ಲಿ ಅಳತೆಗೆ ಬಿಡದ ಕಾರಣ ಪ್ರಯೋಗಶಾಲೆಯ ಉಡುಗೊರೆ ಪಂಪನ್ನೇ ಅಳೆದು ಎಲ್ಲ ತಯಾರಿಸಿದರು.

ಪರೀಕ್ಷೆಯ ದಿನ ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ದೊಡ್ಡಮ್ಮ ಮುಚ್ಚಳ ಇಟ್ಟು ಸನ್ನೆ ಒತ್ತಿದಳು. ಮುಚ್ಚಳ ಗಡಗಡ ಅಲ್ಲಾಡಿತು. ಮೊದಲ ತೂತೇ ವಾರೆ. ಎರಡನೆಯ ಮುಚ್ಚಳದ್ದೂ ಅದೇ ಕಥೆ. ಕನ್ನಡಕದ ಹುಡುಗಿ ಮುಚ್ಚಳ ತೆಗೆದು ಮತ್ತೆ ಕೂರಿಸಿ ನೋಡಿದಳು. ಮುಖ್ಯಸ್ಥರು "ಸಾಕು ಮೇಡಂ" ಎಂದರು.

"ಸಾರ್, ನಿಮ್ಮದೊಂದು ಪಂಪು ಕೆಟ್ಟು ವಾಪಸ್ ಬಂದ್ರೆ ಏನ್ಮಾಡ್ತೀರಿ?" ಎಂದಳು ಅಕ್ಕ.

"ಯಾಕೆ ಕೆಡ್ತು ಅಂತ ಬಿಚ್ಚಿ ನೋಡ್ತೀವಿ."

"ನಮಗೂ ಬಿಚ್ಚಿ ನೋಡೋಕೆ ಒಂದು ವಾರ ಕೊಡಿ."

ಅವರು ಗೊಣಗುತ್ತಲೇ ಕೊಟ್ಟರು.

ಕಾಲೇಜಿಗೆ ಬಂದು ಹುಡುಗರು ಲೆಕ್ಕವನ್ನೆಲ್ಲ ತಿರುಗಾ ಮುರುಗಾ ಮಾಡಿದರು. ನನ್ನಿಂದಲೂ ಮಾಡಿಸಿದರು. ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ ಆ ಹುಡುಗಿ ಬ್ಲೇಡು ತೆಗೆದುಕೊಂಡು ಉಡುಗೊರೆ ಪಂಪಿನ ಮುಚ್ಚಳದ ಅಂಚನ್ನು ಕೆರೆದಳು. ಬೂದು ಬಣ್ಣ ಎದ್ದಿತು. ಅದರಡಿ ಹಸಿರು, ಹಸಿರಿನಡಿ ನೀಲಿ, ನೀಲಿಯಡಿ ಮತ್ತೆ ಹಸಿರು. ಕಾಲೇಜಿಗೆ ತಪಾಸಣಾ ಸಮಿತಿ ಬಂದಾಗಲೆಲ್ಲ ಗೋಡೆ, ಬಾಗಿಲು, ಹೂಕುಂಡದ ಜೊತೆ ಪಂಪಿಗೂ ಬಣ್ಣ ಬಳಿಯುವುದು ನಮ್ಮ ಪ್ರಿನ್ಸಿಪಾಲರ ಪದ್ಧತಿ. ಬಣ್ಣದ ದಪ್ಪವೂ ಸೇರಿ ಅಳತೆ ದೊಡ್ಡದಾಗಿತ್ತು, ಅದಕ್ಕೇ ಕಾರ್ಖಾನೆಯ ಮುಚ್ಚಳ ಸಡಿಲವಾಗಿ ಅಲ್ಲಾಡಿದ್ದು. ಹುಡುಗರು ಅಳೆದದ್ದು ಪಂಪನ್ನಲ್ಲ, ಕಾಲೇಜಿನ ಶೃಂಗಾರವನ್ನು! ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಒಮ್ಮೆ ದುರುಗುಟ್ಟಿ ನೋಡಿ, ಆಮೇಲೆ ತಾನೇ ನಕ್ಕಳು.

ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. "ಕಾರ್ಖಾನೆಯವರು ಕೊಟ್ಟ ಪಂಪೇ ಬೇರೆ ಅಳತೇದು ಅಂದುಬಿಡಿ ಮೇಡಂ. ಕಾಲೇಜಿನ ಮರ್ಯಾದೆ ಪ್ರಶ್ನೆ" ಎಂದರು.

"ಸಾರ್, ಇಷ್ಟು ದಿನ ಈ ಮಕ್ಕಳಿಗೆ ಸರಿಯಾಗಿ ಅಳೆಯೋದು ಕಲಿಸಿದ್ದೀನಿ. ಈಗ ಕೊನೇಲಿ ಸುಳ್ಳು ಹೇಳೋದನ್ನ ಕಲಿಸ್ಲಾ?"

ಆ ಮಾತಿಗೆ ಅವರು ಕನ್ನಡಕ ಒರೆಸಿಕೊಂಡರು. ಮರುದಿನ ಅಕ್ಕ ಕಾರ್ಖಾನೆಗೆ ಹೋಗಿ ಮುಖ್ಯಸ್ಥರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಪ್ಪಂದ ಹೋದರೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದಳು. ಅವರು ಕುರ್ಚಿಯಿಂದೆದ್ದು, "ಒಂದೇ ಒಂದು ಮುಚ್ಚಳ ಕೊಡ್ತೀನಿ. ಇಲ್ಲೇ ಅಳೆದು, ಇಲ್ಲೇ ಇಟ್ಟು ಹೋಗಿ" ಎಂದರು. ಹುಡುಗರು ಕಾರ್ಖಾನೆಯ ಕಚೇರಿಯ ಮೇಜಿನ ಮೇಲೇ ಅಳೆದರು, ಒಬ್ಬರ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸಿದರು. ಕಾಲೇಜಿನ ವರ್ಕ್‌ಶಾಪಿನಲ್ಲಿ ಮುಚ್ಚಳ ಕೂರುವ ಭಾಗವನ್ನು ಹೊಸದಾಗಿ ಮಾಡಿದರು.

ಎರಡನೆಯ ಸಲ ದೊಡ್ಡಮ್ಮ ಸನ್ನೆ ಒತ್ತಿದಾಗ ಮುಚ್ಚಳ ಕಮಕ್ ಕಿಮಕ್ ಎನ್ನಲಿಲ್ಲ. ತೂತುಗಳು ಕರಾರುವಾಕ್ಕಾಗಿ ಬಿದ್ದವು. ಮಧ್ಯಾಹ್ನದವರೆಗೆ ಹುಡುಗಿ ಅವಳ ಪಕ್ಕದಿಂದ ಕದಲಲಿಲ್ಲ. ಊಟ ಮುಗಿಸಿ ಬಂದವಳು ಮತ್ತೆ ಅಲ್ಲೇ ನಿಂತಳು. ನಾನು ಒಂದು ಸ್ಟೂಲು ಹುಡುಕಿಕೊಂಡು ಕೂತೆ. ಅಕ್ಕ ಕೂರಲೇ ಇಲ್ಲ.

ಪಾಳಿ ಮುಗಿಯುವ ಹೊತ್ತಿಗೆ ಮುಖ್ಯಸ್ಥರು ಬಂದು ತೂತುಗಳನ್ನು ತಾವೇ ಪರೀಕ್ಷಿಸಿದರು. "ಪರವಾಗಿಲ್ಲ. ಇದನ್ನ ಬಿಚ್ಚಿ ಕಚೇರೀಲಿಡಿ, ನಿಧಾನಕ್ಕೆ ನೋಡಿ ತೀರ್ಮಾನ ಮಾಡೋಣ" ಎಂದರು. ನಿಧಾನಕ್ಕೆ ಅಂದರೆ ಯಾವತ್ತೂ ಇಲ್ಲ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಅವಳ ಮುಖ ಇಳಿಯಿತು.

ಆದರೆ ದೊಡ್ಡಮ್ಮ ಸನ್ನೆಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಬಿಚ್ಚಬೇಡಿ ಸಾರ್. ನಾಳೆ ಬೆಳಿಗ್ಗೆ ಮತ್ತೆ ನಾಲ್ಕು ಬೋಲ್ಟು ಬಿಗಿ ಅಂದ್ರೆ ನನ್ ಕೈಲಾಗಲ್ಲ. ಇವತ್ತು ನೋಡಿ, ಕೈ ಮೇಲೆತ್ತೋಕೆ ಬರ್ತಿದೆ" ಎಂದು ಬಲಗೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿದಳು. ಮುಖ್ಯಸ್ಥರು ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಅಕ್ಕನ ಕಡೆ ತಿರುಗಿ, "ಒಪ್ಪಂದದ ಕಾಗದ ಕಳಿಸಿ ಮೇಡಂ, ಸಹಿ ಹಾಕ್ತೀನಿ. ಇನ್ನು ಮೇಲೆ ಮಕ್ಕಳು ಇಲ್ಲೇ ಅಳೀಲಿ" ಎಂದರು.

ಅಕ್ಕ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಪಕ್ಕದ ಮಿಷಿನ್ನಿನವನು ಕೂಗಿದ: "ಮೇಡಂ, ನನ್ನ ಮಿಷಿನ್ನಿಗೆ ಯಾವಾಗ ಮಾಡ್ಕೊಡ್ತೀರಿ?"

ಅಕ್ಕ ಬಾಯಿ ತೆರೆಯುವುದಕ್ಕೂ ಮುಂಚೆ ಕನ್ನಡಕದ ಹುಡುಗಿ, ಮೂರು ವರ್ಷ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದ ಹುಡುಗಿ, ಅವನತ್ತ ನಡೆದು ಹೋದಳು. "ನಾಳೆ ಬರ್ತೀನಿ ಅಣ್ಣಾ. ನೀವು ಕೆಲಸ ಮಾಡ್ತಿರಿ, ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ಮೊದ್ಲು ಎಲ್ಲಿ ನೋಯುತ್ತೆ ಅಂತ ಹೇಳಿ."

ನಾನು ಅಕ್ಕನ ಮುಖ ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅವಳಿಗೆ ಹೇಳಲು ಮಾತೇ ಇಲ್ಲದ್ದನ್ನು ನಾನು ಕಂಡದ್ದು ಅದೊಂದೇ ಸಲ.