ಕಪಿಲೆ ಎತ್ತುಗಳು ಎಳೆದ ಮಾವಿನಮರ

ಮಳೆ ಬಾರದಿದ್ದರೆ ಬರ, ಬಂದರೆ ಕೆರೆಯ ಕಟ್ಟೆ ಒಡೆದೀತು ಎಂದು ಹೆದರುವ ಜಾತಿ ನಾನು. ಯುದ್ಧದ ಕಾಲದಲ್ಲಿ, ಮಾಲೂರಿನ ಕಡೆ ನಾವಿದ್ದ ಹಳ್ಳಿಯವರೆಲ್ಲ ಸೀಮೆಎಣ್ಣೆಗೆ ಪರದಾಡುತ್ತಿದ್ದರೆ, ನನಗೆ ಬಾವಿಯ ಪಕ್ಕದ ಮಾವಿನಮರದ ಬೇರಿನ ಚಿಂತೆ. ಅದು ಬಾವಿಯ ಗೋಡೆ ಸೀಳುತ್ತದೆ, ಬಾವಿ ಕುಸಿಯುತ್ತದೆ, ಅದರ ಹಿಂದೆಯೇ ಮನೆಯೂ. ಕಡಿಸುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಮುಳಬಾಗಿಲಿನ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದ ಸಸಿ ಅದು. ಆಗಲೇ ಎರಡಾಳುದ್ದ ಬೆಳೆದಿತ್ತು. ಬುಡಸಮೇತ ಕಿತ್ತು ಹಿತ್ತಲ ಆ ಕೊನೆಯಲ್ಲಿ ನೆಡಿಸುತ್ತೇನೆಂದೆ.

"ನೆಡ್ಸಿ. ಅದೇನಾದ್ರೂ ಒಣಗಿದ್ರೆ, ಪೆಟ್ರೋಲಿಲ್ದೆ ಇದ್ದಿಲಲ್ಲಿ ಓಡೋ ಬಸ್ಸಾದ್ರೂ ಸರಿ, ಹತ್ತಿ ಮುಳಬಾಗಿಲಿಗೆ ಹೋಗ್ತೀನಿ."

ಪಕ್ಕದ ತೋಟದ ರೈತ ತನ್ನ ಕಪಿಲೆ ಎತ್ತುಗಳನ್ನು ಹೊಡೆದುಕೊಂಡು ಬಂದ. ಬಾವಿಯಿಂದ ದೊಡ್ಡ ತೊಗಲ ಚೀಲದಲ್ಲಿ ದಿನವಿಡೀ ನೀರೆತ್ತುವ ಜೋಡಿ.

"ಅಷ್ಟು ನೀರು ಎಳೆಯೋ ಎತ್ತು ಸ್ವಾಮಿ, ಈ ಕಡ್ಡೀನ ಎಳೆಯಲ್ವಾ? ನೀವು ಸುಮ್ನೆ ನೆರಳಲ್ಲಿ ಕೂತ್ಕೊಳಿ."

ಕೂರಲಾದೀತೇ? ಸುತ್ತ ಅಗೆದು, ಬೇರಿನ ಮಣ್ಣುಗಡ್ಡೆಗೆ ಒದ್ದೆ ಗೋಣಿ ಸುತ್ತಿ, ಹೊಲ ಸಮಮಾಡುವ ಹಲಗೆಯ ಮೇಲೆ ಮರವನ್ನು ನಿಲ್ಲಿಸಿ ಕಟ್ಟಿದೆವು. ಗುಂಡಿಯ ಒಂದು ಬದಿಯನ್ನು ಇಳಿಜಾರಾಗಿ ಕಡಿದೆವು. ಹಲಗೆ ಸಲೀಸಾಗಿ ಜಾರಲೆಂದು ಆ ಇಳಿಜಾರಿನ ಮೇಲೆ ನೀರು ಹೊಯ್ಯಿಸಿದ ಮುಂದಾಲೋಚನೆ ನನ್ನದು.

ಎತ್ತುಗಳು ಎಳೆದವು. ಮರ ತಲೆದೂಗುತ್ತ ಗುಂಡಿಯಂಚಿನವರೆಗೆ ಏರಿತು. "ನೋಡಿದ್ರಾ ಸ್ವಾಮಿ!" ಎಂದು ರೈತ ಮೀಸೆ ಮುಟ್ಟಿಕೊಂಡ. ಅಷ್ಟರಲ್ಲಿ ಎತ್ತುಗಳು ನಿಂತುಬಿಟ್ಟವು. ಎಷ್ಟು ದೂರ ಎಳೆದರೆ ನೀರಿನ ಚೀಲ ಮೇಲೆ ಬರುತ್ತದೋ ಅಷ್ಟು ದೂರ ಅವು ನಡೆದಾಗಿತ್ತು. ಇನ್ನು ಚೀಲವನ್ನು ಬಾವಿಗಿಳಿಸಲು ಹಿಂದಕ್ಕೆ ಹೆಜ್ಜೆ ಹಾಕುವುದು ಅವುಗಳ ನಿತ್ಯದ ಕಸುಬು. ಹಾಕಿದವು. ಹಗ್ಗ ಸಡಿಲಾಗಿ, ನಾನು ನೆನೆಸಿದ್ದ ಇಳಿಜಾರಿನಲ್ಲಿ ಮರ ಸರ್ರನೆ ಜಾರಿ ಹೊರಟಲ್ಲಿಗೇ ಹೋಗಿ ನಿಂತಿತು.

"ಲೇ, ಮುಂದಕ್ಕೆ ಹೋಗ್ರೋ! ಇದು ಬಾವಿ ಅಲ್ಲ ಕಣ್ರೋ!" ಎಂದು ರೈತ ಬಾಲ ಮುರಿದ. ಎರಡನೆಯ ಸಲವೂ ಅದೇ ಕಥೆ. ಜೊತೆಗೆ ಗೋಣಿ ಹರಿದು ಬೇರಿನ ಮಣ್ಣು ಉದುರಿತು.

"ಅಯ್ಯೋ ದೇವುಡಾ, ಸಾಕು ನಿಲ್ಸಿ! ಅದರ ಜಾಗ ಎಲ್ಲೀಂತ ಎತ್ತಿಗೂ ಗೊತ್ತಾಯ್ತು. ನಿಮಗೆ ಯಾವಾಗ ಗೊತ್ತಾಗೋದು?" ಎನ್ನುತ್ತ ಹೆಂಡತಿಯೇ ಮಂಕರಿ ಹಿಡಿದು ಗುಂಡಿಗೆ ಮಣ್ಣು ತುಂಬಿದಳು.

ಎಲೆಗಳು ಬಾಡಿ ಜೋತುಬಿದ್ದವು. ಆಕೆ ನನ್ನೊಡನೆ ಮಾತು ಬಿಟ್ಟಳು. ಹೇಳುವುದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು: "ಮುದ್ದೆ ಆರ್ತಾ ಇದೆ ಕಣೇ, ಬರೋರು ಬರಬಹುದು." ಅಟ್ಟದ ಮೇಲಿದ್ದ ಟ್ರಂಕು ನಡುಮನೆಗಿಳಿಯಿತು. ನಾನು ಬೆಳಗಾದರೆ ಕೊಡ ಹಿಡಿದು ಮರದ ಬುಡಕ್ಕೆ ಹೋಗುತ್ತಿದ್ದೆ. ನೀರು ಹೆಚ್ಚಾದರೆ ಕೊಳೆತೀತು, ಕಡಿಮೆಯಾದರೆ ಒಣಗೀತು. ಅರ್ಧ ಹೊಯ್ದು, ಉಳಿದರ್ಧವನ್ನು ಸೊಂಟದಲ್ಲಿಟ್ಟುಕೊಂಡು ಯೋಚಿಸುತ್ತ ನಿಂತಿರುತ್ತಿದ್ದೆ.

ಹಾಗೆ ನಿಂತಿದ್ದ ಒಂದು ಬೆಳಿಗ್ಗೆ, ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ನಿಜವೋ ಸುಳ್ಳೋ ನೋಡೋಣವೆಂದು ಕೈ ಚಾಚಿದೆ.

"ಏನೂಂದ್ರೆ! ಅದನ್ನ ಮುಟ್ಟಿದ್ರೆ ನೋಡಿ ಮತ್ತೆ!" ಅಡಿಗೆಮನೆಯ ಬಾಗಿಲಿನಿಂದ ಕೂಗು ಬಂತು.

ಬೈದದ್ದು ನನ್ನನ್ನೇ, ನೇರವಾಗಿ. ಆಕೆಯ ಮನಸ್ಸು ತಿರುಗುವ ಮೊದಲೇ ಟ್ರಂಕನ್ನು ಅಟ್ಟಕ್ಕೇರಿಸಲು ಒಳಗೆ ಓಡಿದೆ.