ಒತ್ತಡ ಇಳಿಯುತ್ತಿದೆ

ಕಗ್ಗದಾಸಪುರದ ರೈಲ್ವೆ ಗೇಟಿನಿಂದ ಸ್ವಲ್ಪ ಒಳಗೆ, ಒಂದು ಮನೆಯ ಮಹಡಿಯ ಮೇಲೆ ಗೆಳತಿಯೂ ನಾನೂ ಬಾಹ್ಯಾಕಾಶದ ಆಟವೊಂದನ್ನು ಕಟ್ಟುತ್ತಿದ್ದೇವೆ. ಕೋಡು ಬರೆಯುವುದು ಅವಳು. ಪರದೆಯ ಮೇಲೆ ಬರುವ ಕನ್ನಡ ನನ್ನದು. ಆಟ ಇನ್ನೂ ಮುಗಿದಿಲ್ಲ. ಮುಗಿಯುವ ಮೊದಲೇ ಆಡುವವರ ಕೈಗೆ ಕೊಟ್ಟು, ಅವರು ತೋರಿಸಿದ ತಪ್ಪುಗಳನ್ನು ತಿದ್ದುತ್ತ ಮುಂದೆ ಹೋಗುವ ಪದ್ಧತಿ ಇದು; ಅರ್ಲಿ ಆಕ್ಸೆಸ್ ಅನ್ನುತ್ತಾರೆ. ಅರ್ಧ ಕಟ್ಟಿದ ಮನೆಗೆ ಬಾಡಿಗೆಯವರನ್ನು ಕರೆದ ಹಾಗೆ. ಮೇಲೆ ನಾವು ತಾರಸಿ ಹಾಕುತ್ತಿರುವಾಗ ಕೆಳಗೆ ಯಾರೋ ಅನ್ನಕ್ಕೆ ಇಟ್ಟಿರುತ್ತಾರೆ.

ಅಂಥ ಬಾಡಿಗೆಯವರಲ್ಲಿ ಒಬ್ಬರು ಶಿವಾಜಿನಗರದ ಬಟ್ಟೆ ವ್ಯಾಪಾರಿ. ಐವತ್ತು ದಾಟಿದವರು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಹೆಚ್ಚಾಗಿ ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ಆಟವನ್ನೂ ಕನ್ನಡದಲ್ಲೇ ಆಡುತ್ತಾರೆ. ನಮ್ಮ ಆಟದಲ್ಲಿ ಸತ್ತವರು ಮರಳಿ ಬರುವುದಿಲ್ಲ. ಮಿಕ್ಕವರೆಲ್ಲ ಹಡಗು ಕಳೆದುಕೊಂಡು, ಬೈದು, ಹೊಸದು ಶುರುಮಾಡಿದವರೇ. ಇವರ ಹಡಗು ಮಾತ್ರ ಮೊದಲ ಆವೃತ್ತಿಯಿಂದ ಅದೇ ನಾಲ್ವರನ್ನು ಹೊತ್ತು ಹಾರುತ್ತಿತ್ತು. ಹೊಸ ಆವೃತ್ತಿ ಬರುತ್ತದೆ ಎಂದರೆ ಸಾಕು, ತಮ್ಮ ಜನ ಈ ಸಲವೂ ಉಳಿಯುತ್ತಾರಾ ಎಂದು ಫೋನು ಮಾಡಿ ಕೇಳುತ್ತಿದ್ದರು.

ಈ ಸಲದ ಹೊಸತು ಗಾಳಿ. ಅಲ್ಲಿಯವರೆಗೆ ಹಡಗಿನ ಗಾಳಿ ಒಂದು ಅಂಕಿ ಮಾತ್ರವಾಗಿತ್ತು. ಈಗ ಅದು ಕೋಣೆಯಿಂದ ಕೋಣೆಗೆ ಚಲಿಸುತ್ತದೆ, ತೂತಾದರೆ ಹೊರಗೆ ಹೋಗುತ್ತದೆ. ಎಲ್ಲರಿಗೂ ಬಿಡುಗಡೆ ಮಾಡುವ ಮುನ್ನ ಹಳೆಯ ಹಡಗೊಂದು ಇದನ್ನು ತಾಳುತ್ತದೆಯೇ ಎಂದು ನೋಡಬೇಕಿತ್ತು. ಗೆಳತಿ ಅವರನ್ನು ಕರೆದಳು. ಮೊದಲು ನಿಮ್ಮ ಹಡಗಿನ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಹೆಚ್ಚುಕಮ್ಮಿಯಾದರೆ ಇರಲಿ ಎಂದಳು. ಅವರು ಒಪ್ಪಲಿಲ್ಲ.

"ಕಾಪಿ ಇದ್ರೆ ನಂಗೆ ಭಯ ಇರಲ್ಲ ಮೇಡಂ. ಭಯ ಇಲ್ದೆ ಅವ್ರನ್ನ ಯಾಕೆ ನೋಡ್ಕೊಳ್ಲಿ?"

ಭಾನುವಾರ ಬೆಳಿಗ್ಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದರು. ಇಂಥ ಪರೀಕ್ಷೆಗೆ ಗೆಳತಿಯದೊಂದು ನಿಯಮವಿದೆ: ಆಡುವವರ ಹಿಂದೆ ಕೂರುವವರು ಮಾತಾಡುವಂತಿಲ್ಲ. ಮನೆಯಲ್ಲಿ ಆಡುವಾಗ ಅವರಿಗೆ ಹೇಳಿಕೊಡಲು ನಾವು ಇರುವುದಿಲ್ಲವಲ್ಲ. ಬಾಯಿ ಬಿಟ್ಟರೆ ಇಡೀ ದಿನ ದಂಡ ಎಂದು ನನಗೆ ಮತ್ತೊಮ್ಮೆ ಹೇಳಿದಳು. ಇಬ್ಬರೂ ಅವರ ಬೆನ್ನ ಹಿಂದೆ ಕೂತೆವು.

ಹಡಗು ತೆರೆಯಿತು. ನಾಲ್ವರೂ ಇದ್ದರು: ಚಾಲಕಿ, ಮೆಕ್ಯಾನಿಕ್, ವೈದ್ಯ, ಹಿಂಭಾಗದ ಕೋಣೆಯಲ್ಲಿ ಸೊಪ್ಪು ಬೆಳೆಯುವ ಮಾಲಿ. ವ್ಯಾಪಾರಿ ಕುರ್ಚಿಯ ತುದಿಯಲ್ಲಿ ಕೂತು ಆಡುತ್ತಿದ್ದರು. ಟೀ ತಂದಿಟ್ಟರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ಕಲ್ಲೊಂದು ಹಡಗಿನ ಹಿಂಭಾಗಕ್ಕೆ ಬಡಿಯಿತು. ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು: ಹಿಂಭಾಗ, ಒತ್ತಡ ಇಳಿಯುತ್ತಿದೆ.

ಅವರು ಅದನ್ನು ಮೆಲ್ಲಗೆ ಓದಿದರು. ತಲೆಯಾಡಿಸಿದರು. ಹಿಂದಕ್ಕೆ ಒರಗಿ ಟೀ ಕೈಗೆ ತೆಗೆದುಕೊಂಡರು.

ಅವರು ಯಾಕೆ ಸುಮ್ಮನಿದ್ದಾರೆಂದು ನನಗೆ ಕೂಡಲೇ ತಿಳಿಯಲಿಲ್ಲ. ಪರದೆಯ ಮೂಲೆಯನ್ನು ಮತ್ತೊಮ್ಮೆ ಓದಿದೆ. ವಾಕ್ಯ ನಾನು ಬರೆದದ್ದು. ನಿಘಂಟು ನೋಡಿದ್ದೆ, ವಿಜ್ಞಾನದ ಪಠ್ಯವನ್ನೂ ನೋಡಿದ್ದೆ; ಪದ ಸರಿಯಾಗಿಯೇ ಇತ್ತು. ಆದರೆ ಒತ್ತಡ ಇಳಿಯಿತೆಂದರೆ ಕನ್ನಡದಲ್ಲಿ ಯಾರು ಹೆದರುತ್ತಾರೆ?

ಅವರು ನಕ್ಷೆ ನೋಡುತ್ತಿದ್ದರು. ಪರದೆಯ ಕೆಳಗೆ, ಅವರ ಕಣ್ಣು ಹೋಗದ ಕಡೆ, ಮಾಲಿ ಸೊಪ್ಪಿನ ತಟ್ಟೆಗಳ ನಡುವೆ ಕೂತುಬಿಟ್ಟ. ನಾನು ಗೆಳತಿಯ ಮುಖ ನೋಡಿದೆ. ಅವಳು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು. ಪರೀಕ್ಷೆಯಿಂದ ನಮಗೆ ಬೇಕಾದದ್ದು ಆಗಲೇ ಗೊತ್ತಾಗಿತ್ತು. ಇನ್ನು ಸುಮ್ಮನಿರುವುದರಿಂದ ಹೊಸದೇನೂ ತಿಳಿಯುವಂತಿರಲಿಲ್ಲ. ಆದರೂ ನನ್ನ ಬಾಯಿ ತೆರೆಯಲಿಲ್ಲ. ನಿಯಮ ಮುರಿದವಳು ಅವಳೇ.

"ಸರ್, ಗಾಳಿ ಹೋಗ್ತಿದೆ. ಬಾಗಿಲು ಹಾಕಿ."

ಲೋಟ ಮೇಜಿನ ಮೇಲೆ ಕುಕ್ಕಿದ್ದಕ್ಕೆ ಟೀ ಚೆಲ್ಲಿತು. ಅವರು ಹಿಂಭಾಗದ ಬಾಗಿಲನ್ನು ಮುಚ್ಚಿದರು. ಉಳಿದ ಕೋಣೆಗಳಿಂದ ಗಾಳಿ ಹೋಗುವುದು ನಿಂತಿತು. ಮಾಲಿ ಬಾಗಿಲಿನ ಆಚೆ ಉಳಿದ.

ಅವರು ಕರ್ಸರನ್ನು ಮೂಲೆಯ ಅಕ್ಷರದ ಮೇಲೆ ತಂದು ನಿಲ್ಲಿಸಿದರು.

"ಒತ್ತಡ ಇಳೀತಿದೆ ಅಂತ ಬಂತಲ್ಲ," ಎಂದರು. "ಇಳಿದ್ರೆ ಒಳ್ಳೇದಲ್ವಾ? ನಮ್ಮ ಡಾಕ್ಟ್ರು ಬಿಪಿ ನೋಡಿ ಅದನ್ನೇ ತಾನೆ ಹೇಳೋದು."

ಇಲ್ಲಿ ಒತ್ತಡವೆಂದರೆ ಗಾಳಿಯದು, ತಪ್ಪು ಆ ಪದದ್ದು ಎಂದು ನಾನು ವಿವರಿಸಲು ಹೋದೆ. ಫೈಲಿನೊಳಗೆ ಹೋಗಿ ಮಾಲಿಯನ್ನು ಮತ್ತೆ ಸೇರಿಸಬಲ್ಲೆ, ಕಷ್ಟದ ಕೆಲಸವೇನಲ್ಲ ಎಂದು ಗೆಳತಿ ಹೇಳಿದಳು. ಅವರು ಕರ್ಚೀಫಿನಿಂದ ಟೀ ಒರೆಸುತ್ತ ಯೋಚಿಸಿದರು.

"ಬೇಡ ಮೇಡಂ. ಅವನನ್ನ ನೀವು ಹಾಕಿದ್ರೆ, ಮಿಕ್ಕ ಮೂರು ಜನಾನೂ ನೀವೇ ಉಳಿಸಿದಂಗಾಗುತ್ತೆ, ನಾನಲ್ಲ."

ಮೆಟ್ಟಿಲು ಇಳಿಯುವಾಗ, ತಾವೊಬ್ಬರೇ ಅಂಗಡಿಯಲ್ಲಿ ಕೂತು ಆಡುತ್ತಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು.

ಬಿಡುಗಡೆಯನ್ನು ನಿಲ್ಲಿಸಿದೆವು. 'ಗಾಳಿ ಸೋರುತ್ತಿದೆ' ಎಂದು ತಿದ್ದಿದೆ. ತಡವಾಯಿತೆಂದು ಆಡುವವರ ಬೈಗುಳ ಬರತೊಡಗಿತು. ಅದರ ನಡುವೆ ವ್ಯಾಪಾರಿಯ ಸಂದೇಶ: ಹಡಗಿನಲ್ಲಿ ಈಗ ಮೂರೇ ಜನ, ಆದರೆ ಊಟ ನಾಲ್ಕು ಜನದ್ದು ಖರ್ಚಾಗುತ್ತಿದೆ. ಇದು ತಪ್ಪೋ, ಬೇಕೆಂದೇ ಮಾಡಿದ್ದೋ? ಹೀಗೇ ಆದರೆ ಊಟ ದಾರಿಯಲ್ಲೇ ಮುಗಿದುಹೋಗುತ್ತದೆ.

ತಪ್ಪೇ. ಮುಚ್ಚಿದ ಬಾಗಿಲಿನಾಚೆ ಸತ್ತವನು ಅಡುಗೆಯ ಲೆಕ್ಕಕ್ಕೆ ಇನ್ನೂ ಬದುಕಿದ್ದ. ಗೆಳತಿ ಬೇರೆಲ್ಲ ಕೆಲಸ ಬದಿಗಿಟ್ಟು ಅದನ್ನು ಸರಿಮಾಡಿ, ಅವರೊಬ್ಬರಿಗೇ ಕಳಿಸಿದಳು. ಕಳಿಸಿದ ಮೇಲೆ ಇನ್ನೇನು ಮುರಿದಿರಬಹುದೆಂದು ಇಬ್ಬರೂ ಫೋನನ್ನೇ ನೋಡುತ್ತ ಕೂತೆವು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು.

"ಮೂರು ಊಟ. ಊರು ಸೇರೋವರೆಗೂ ಸಾಕಾಗುತ್ತೆ."

ಗೆಳತಿ ಓದಿ, ಫೋನನ್ನು ನನ್ನ ಕೈಗೆ ಕೊಟ್ಟಳು. ಕನ್ನಡದ ಉತ್ತರ ನಾನೇ ಬರೆಯಬೇಕು. ಒಂದು ಪದ ಬರೆದೆ, ಅಳಿಸಿದೆ. ಇನ್ನೊಂದು ಬರೆದೆ. ಅದನ್ನು ಅವರು ಹೇಗೆ ಓದುತ್ತಾರೋ ಎಂದು, ಕಳಿಸದೆ, ಆ ಪದವನ್ನೇ ನೋಡುತ್ತ ಕೂತೆ.